ಬೆರಳಿಗೆ ಕೇಳಿಸಿದ ರೇಡಿಯೋ

ಸೂಜಿಯಕ್ಕ ತನ್ನ ಹೊಲಿಗೆ ಯಂತ್ರಕ್ಕೆ ಹೊಸ ಮೋಟಾರು ಹಾಕಿಸಿದ ವಾರವೇ ಮಹಡಿಯ ಮೇಲಿನ ಹಲ್ಲಿನ ಡಾಕ್ಟರು ಕೈಯಲ್ಲೊಂದು ಪುಟ್ಟ ರೇಡಿಯೋ ಹಿಡಿದು ಅವಳ ಅಂಗಡಿಗೆ ಇಳಿದು ಬಂದರು. ರೇಡಿಯೋ ಕೆರಳಿದ ಕಣಜದ ಹಾಗೆ ಗುಂಯ್‌ಗುಡುತ್ತಿತ್ತು. ಡಾಕ್ಟರು ಅದನ್ನು ಬಾಗಿಲ ಹತ್ತಿರ ಹಿಡಿದು ನೋಡಿದರು, ಇಸ್ತ್ರಿ ಮೇಜಿನ ಹತ್ತಿರ ಹಿಡಿದು ನೋಡಿದರು. ಕೊನೆಗೆ ಹೊಲಿಗೆ ಯಂತ್ರದ ಹತ್ತಿರ ತಂದಾಗ ಅದು ಕಿರುಚಿಯೇ ಬಿಟ್ಟಿತು. ಸೂಜಿಯಕ್ಕ ಗಾಬರಿಯಿಂದ ಪೆಡಲಿನ ಮೇಲಿದ್ದ ಕಾಲು ತೆಗೆದಳು. ರೇಡಿಯೋ ಗಪ್‌ಚಿಪ್ಪಾಯಿತು. ಮತ್ತೆ ಒತ್ತಿದಳು, ಮತ್ತೆ ಕಿರುಚಿತು.

“ಸಿಕ್ಕಿಬಿದ್ರಿ!” ಅಂದರು ಡಾಕ್ಟರು.

“ನಾನೇನು ಕದ್ದೆ ಡಾಕ್ಟ್ರೇ?”

“ನನ್ನ ನೆಮ್ಮದಿ ಕದ್ರಿ ತಾಯಿ. ಒಂದು ವಾರದಿಂದ ಯಾರ ಮಾತೂ ಕೇಳಕ್ಕಾಗ್ತಿಲ್ಲ. ನೀವು ಒಂದು ಕಾಲರ್ ಹೊಲಿದ್ರೆ ನನಗೆ ಒಂದು ದೇಶವೇ ತಪ್ಪಿಹೋಗುತ್ತೆ.”

ಸೂಜಿಯಕ್ಕ ಸೊಂಟದ ಮೇಲೆ ಕೈಯಿಟ್ಟು ನಿಂತಳು. ಬೀದಿಯವರು ಅವಳಿಗೆ ಆ ಹೆಸರಿಟ್ಟಿದ್ದು ಎರಡು ಕಾರಣಕ್ಕೆ. ಅವಳು ಹೊಲಿಗೆಯವಳು ಅನ್ನುವುದು ಒಂದು, ಅವಳ ಮಾತು ನೆಟ್ಟಗೆ ಹೋಗಿ ಚುಚ್ಚುತ್ತದೆ ಅನ್ನುವುದು ಇನ್ನೊಂದು. “ನಾನು ಹೊಲಿಯೋದು ಬಿಟ್ಟು ಕೂತ್ರೆ ನಿಮ್ಮ ದೇಶದವರು ಬಂದು ನನ್ನ ಮನೆ ಒಲೆ ಹಚ್ತಾರಾ?” ಎಂದು ಕೇಳಿದಳು.

ಡಾಕ್ಟರು ಜಗಳಕ್ಕೆ ಬಂದಿರಲಿಲ್ಲ. ಅಂಗಿಯ ಜೇಬಿನಿಂದ ಒಂದು ಗುಂಡಿಯಷ್ಟಿದ್ದ, ಎರಡು ತಂತಿಕಾಲುಗಳ ಚಪ್ಪಟೆ ವಸ್ತು ತೆಗೆದು ತೋರಿಸಿದರು. ಅದರ ಹೆಸರು ಕೆಪಾಸಿಟರ್ ಅಂದರು. ಮೋಟಾರಿನ ಒಳಗೆ ಹಾರುವ ಕಿಡಿಗಳೇ ಈ ಸದ್ದಿಗೆ ಕಾರಣ, ಇದನ್ನು ಕೂಡಿಸಿದರೆ ಕಿಡಿಯ ಗಲಾಟೆಯನ್ನೆಲ್ಲ ಇದು ನುಂಗಿಕೊಳ್ಳುತ್ತದೆ ಅಂದರು. ಅವಳು ಅನುಮಾನದಿಂದಲೇ ಒಪ್ಪಿದಳು. ಹಲ್ಲಿಗೆ ಸಿಮೆಂಟು ತುಂಬುವ ಕೈಯಲ್ಲಿ ಅವರು ಮೋಟಾರಿನ ಮುಚ್ಚಳ ಬಿಚ್ಚಿ, ಅದನ್ನು ಒಳಗೆ ಕೂಡಿಸಿ, ಬೆಸುಗೆ ಹಾಕಿದರು. ಸೂಜಿಯಕ್ಕ ಪೆಡಲು ಒತ್ತಿದಳು. ಯಂತ್ರ ಓಡಿತು, ರೇಡಿಯೋ ತುಟಿ ಪಿಟಕ್ಕೆನ್ನಲಿಲ್ಲ.

ಅವಳಿಗೆ ಆ ಮೌನ ಹಿಡಿಸಿಬಿಟ್ಟಿತು. ಇಷ್ಟು ಸಣ್ಣ ವಸ್ತು ಅಷ್ಟು ದೊಡ್ಡ ಕಿರುಚಾಟವನ್ನು ಹೇಗೆ ನುಂಗಿತು ಎಂದು ಕಟ್ಟಿಂಗ್ ಮಾಡುವಾಗಲೂ ಯೋಚಿಸಿದಳು. ಮಾರನೆಯ ಸಂಜೆ, ರೋಗಿಗಳೆಲ್ಲ ಹೋದ ಮೇಲೆ, ಡಾಕ್ಟರ ಒಂದು ಪ್ಯಾಂಟಿನ ಅಂಚು ಹೊಲಿದುಕೊಡುವ ನೆಪದಲ್ಲಿ ಮಹಡಿ ಹತ್ತಿದಳು.

ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಅಚ್ಚುಹಾಕಿದ ಹಲ್ಲಿನ ಸೆಟ್ಟುಗಳ ಪಕ್ಕದಲ್ಲೇ ರೇಡಿಯೋಗಳು, ತಂತಿಯ ಸುರುಳಿಗಳು, ಬೆಸುಗೆಯ ಕಡ್ಡಿ ಎಲ್ಲ ಇದ್ದವು. ಡಾಕ್ಟರು ಹವ್ಯಾಸಿ ರೇಡಿಯೋದವರು. ಪರೀಕ್ಷೆ ಕೊಟ್ಟು ಲೈಸೆನ್ಸ್ ಪಡೆದು, ಸ್ವಂತ ಯಂತ್ರದಿಂದ ಗಾಳಿಯಲ್ಲಿ ಮಾತಾಡುವವರು. ಯಾಕೆ ಈ ಹುಚ್ಚು ಎಂದು ಅವಳು ಕೇಳಿದ್ದಕ್ಕೆ ಅವರು ನಗುತ್ತ ಹೇಳಿದರು: “ನೋಡಿ, ನನ್ನ ಕೆಲಸದಲ್ಲಿ ನಾನು ಬೆಳಗ್ಗೆಯಿಂದ ಮಾತಾಡ್ತಾನೇ ಇರ್ತೀನಿ. ಯಾರೂ ಉತ್ತರ ಕೊಡಲ್ಲ. ಕೊಡೋದು ಹೇಗೆ, ಅವರ ಬಾಯಲ್ಲಿ ನನ್ನ ಕೈ ಇರುತ್ತೆ! ಸಂಜೆಯಾದ್ರೂ ಯಾರಾದ್ರೂ ತಿರುಗಿ ಮಾತಾಡ್ಲಿ ಅಂತ.”

ಅವರು ಗುಂಡಿ ತಿರುಗಿಸಿದರು. ಸೀಟಿಯ ಹಾಗಿನ ಒಂದು ಸದ್ದು ತುಂಡುತುಂಡಾಗಿ ಬಂತು. ಒಂದು ಉದ್ದ, ಒಂದು ಗಿಡ್ಡ, ಮತ್ತೆ ಉದ್ದ, ಮತ್ತೆ ಗಿಡ್ಡ. ಇದು ಮೋರ್ಸ್ ಅನ್ನುವ ಸಂಕೇತ, ಒಂದೊಂದು ಅಕ್ಷರಕ್ಕೆ ಒಂದೊಂದು ತಾಳ, ದೂರದಲ್ಲಿ ಯಾರೋ ‘ಯಾರಾದ್ರೂ ಇದ್ದೀರಾ’ ಅಂತ ಕೂಗ್ತಿದ್ದಾರೆ ಎಂದು ಡಾಕ್ಟರು ವಿವರಿಸಿದರು.

ಸೂಜಿಯಕ್ಕ ಕಣ್ಣರಳಿಸಿದಳು. “ಅಯ್ಯೋ, ಇದು ಹೊಲಿಗೆ ಅಲ್ವಾ! ಗಿಡ್ಡ ಟಾಕು, ಉದ್ದ ಟಾಕು!”

ಆ ವಾರ ಅವಳು ಉಳಿದ ಬಿಳಿ ಬಟ್ಟೆಯ ಒಂದು ಪಟ್ಟಿ ತೆಗೆದುಕೊಂಡು, ಒಂದೊಂದು ಅಕ್ಷರದ ಮುಂದೆ ಅದರ ತಾಳವನ್ನು ಕೆಂಪು ದಾರದಲ್ಲಿ ಹೊಲಿದಳು. ಗಿಡ್ಡಕ್ಕೆ ಗಿಡ್ಡ ಟಾಕು, ಉದ್ದಕ್ಕೆ ಉದ್ದ ಟಾಕು. ಆ ಪಟ್ಟಿ ಅಂಗಡಿಯ ಕನ್ನಡಿಯ ಪಕ್ಕದಲ್ಲಿ ತೂಗಿತು. ಅಳತೆ ಕೊಡಲು ಬಂದವರು ಅದೇನೋ ಹೊಸ ಬಾರ್ಡರ್ ಡಿಸೈನ್ ಎಂದುಕೊಂಡರು. ಒಬ್ಬ ಹೆಂಗಸು ತನ್ನ ಮಗಳ ಫ್ರಾಕಿಗೂ ಅದನ್ನೇ ಹಾಕಿಕೊಡಿ ಎಂದು ಹಟ ಹಿಡಿದಳು. ಆ ಮಗು ಆಮೇಲೆ ವರ್ಷವಿಡೀ ತನ್ನ ಮಂಡಿಯ ಸುತ್ತ ಇಂಗ್ಲಿಷ್ ಅಕ್ಷರಮಾಲೆಯನ್ನು ಸುತ್ತಿಕೊಂಡು ಓಡಾಡಿತು, ಯಾರಿಗೂ ಗೊತ್ತಾಗಲಿಲ್ಲ.

ಸೂಜಿಯಕ್ಕನ ಗಂಡ ಸಿಟಿ ಬಸ್ಸಿನ ಡ್ರೈವರ್. ಹೆಂಡತಿಯ ಹೊಸ ಹುಚ್ಚನ್ನು ಅವನು ಮೊದಲು ನಗುತ್ತ ನೋಡಿದ. “ಮೊದಲೇ ನಿನ್ನ ಬಾಯಿಗೆ ಬ್ರೇಕಿಲ್ಲ. ಇನ್ನು ಗಾಳಿಗೂ ಬಿಟ್ರೆ ಊರು ಉಳಿಯುತ್ತಾ?” ಅಂದ. ಆಮೇಲೆ ಅವಳೂ ಲೈಸೆನ್ಸ್ ಪರೀಕ್ಷೆಗೆ ಓದತೊಡಗಿದಾಗ ಪುಸ್ತಕ ಹಿಡಿದು ಅವಳಿಗೆ ಪ್ರಶ್ನೆ ಕೇಳುತ್ತ ಕೂರುವವನೂ ಅವನೇ ಆದ. ಶಾಲೆ ನಡುವೆ ಬಿಟ್ಟಿದ್ದ ಅವಳಿಗೆ ವೋಲ್ಟೇಜು, ಕರೆಂಟು, ರೆಸಿಸ್ಟೆನ್ಸು ಮೊದಮೊದಲು ತಲೆಯ ಮೇಲಿಂದ ಹಾರಿಹೋಗುತ್ತಿದ್ದವು. ಒಂದು ದಿನ ದಪ್ಪ ಜೀನ್ಸ್ ಬಟ್ಟೆಯನ್ನು ಮಡಿಸಿ ಯಂತ್ರದಡಿ ತಳ್ಳುವಾಗ ತಟ್ಟನೆ ಹೊಳೆಯಿತು. ಪೆಡಲು ಒತ್ತುವ ಬಲ, ಓಡುವ ದಾರ, ಅಡ್ಡ ನಿಲ್ಲುವ ಬಟ್ಟೆಯ ದಪ್ಪ. “ರೀ, ಇಷ್ಟೇನಾ!” ಎಂದು ಅಲ್ಲಿಂದಲೇ ಕೂಗಿದಳು. ಮೊದಲ ಸಲ ಪರೀಕ್ಷೆಯಲ್ಲಿ ಅವಳು ಫೇಲಾದಳು, ಗಡಿಬಿಡಿಯಲ್ಲಿ ಅರ್ಧ ಪ್ರಶ್ನೆಗಳನ್ನು ಬಿಟ್ಟು ಬಂದಿದ್ದಳು. ಎರಡನೆಯ ಸಲ ಪಾಸಾದಳು. ಲೈಸೆನ್ಸ್ ಬಂದ ದಿನ ಗಂಡ ಅವಳನ್ನು ತನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಒಂದು ಸುತ್ತು ಹೊಡೆಸಿದ. ಹತ್ತಿದವರಿಗೆಲ್ಲ “ನಮ್ಮ ಮನೆಯವರು, ರೇಡಿಯೋದವರು” ಎಂದು ಹೇಳಿದ. ಅವಳು ನಾಚಿ ಕಿಟಕಿಯ ಕಡೆ ತಿರುಗಿ ಕೂತಳು.

ತನ್ನ ಮೊದಲ ಪ್ರಸಾರದ ಯಂತ್ರವನ್ನು ಅವಳು ಬಿಸ್ಕತ್ತಿನ ಡಬ್ಬಿಯೊಳಗೆ ಕಟ್ಟಿದಳು. ತಾಮ್ರದ ತಂತಿಯ ಸುರುಳಿಯನ್ನು ಹೊಲಿಗೆ ಯಂತ್ರದಲ್ಲಿ ಬಾಬಿನ್ನಿಗೆ ದಾರ ಸುತ್ತುವ ಜಾಗದಲ್ಲೇ ಸುತ್ತಿದಳು. ಒಂದು ಎಳೆಯ ಮೇಲೆ ಇನ್ನೊಂದು ಎಳೆ ಹತ್ತದೆ ನೀಟಾಗಿ ಕೂತಿದ್ದನ್ನು ನೋಡಿ ಡಾಕ್ಟರು “ನನ್ನ ಸುರುಳಿ ಹಕ್ಕಿಗೂಡಿನ ಹಾಗಿರುತ್ತೆ, ನನಗೂ ಒಂದು ಸುತ್ತಿಕೊಡಿ” ಎಂದು ಕೇಳಿದರು. ಏರಿಯಲ್ ತಂತಿಯನ್ನು ಟೆರೇಸಿನ ಉದ್ದಕ್ಕೂ ಎಳೆದು ಕಟ್ಟಿದರು. ಎರಡೇ ದಿನ. ಮೂರನೆಯ ದಿನ ಬೆಳಗ್ಗೆ ಯಂತ್ರ ಏನು ಮಾಡಿದರೂ ಹದಕ್ಕೆ ಬರಲಿಲ್ಲ. ಮೀಟರಿನ ಮುಳ್ಳು ಒಂದು ಕಡೆ ಬಿದ್ದುಕೊಂಡಿತು. ಸೂಜಿಯಕ್ಕ ಡಬ್ಬಿಯ ಬೆಸುಗೆಗಳನ್ನೆಲ್ಲ ಒಂದೊಂದಾಗಿ ಬಿಚ್ಚಿ ನೋಡಿ, ಬೆವರಿ, ಕೊನೆಗೆ ಟೆರೇಸಿಗೆ ಹೋದರೆ ಏರಿಯಲ್ಲಿನ ಮೇಲೆ ಸಾಲಾಗಿ ಒದ್ದೆ ಬೆಡ್‌ಶೀಟುಗಳು ನೇತಾಡುತ್ತಿದ್ದವು. ಪಕ್ಕದಲ್ಲಿ ಅತ್ತೆ ಕ್ಲಿಪ್ಪು ಹಾಕುತ್ತ ನಿಂತಿದ್ದರು. ಇಷ್ಟು ಗಟ್ಟಿ ತಂತಿ ಕಟ್ಟಿದ್ದಕ್ಕೆ ಸೊಸೆಯನ್ನು ಮೊದಲ ಬಾರಿಗೆ ಹೊಗಳಿದರು.

ಈ ಅತ್ತೆಯ ಬಗ್ಗೆ ಹೇಳಲೇಬೇಕು. ಒಂದು ಕಾಲದಲ್ಲಿ ಅವರು ಮಾರ್ಕೆಟ್ಟಿನಲ್ಲಿ ತರಕಾರಿ ಮಾರುತ್ತಿದ್ದರು. ತಕ್ಕಡಿ ಎತ್ತುವ ಮೊದಲು ಗಿರಾಕಿಯ ಮನೆಯ ಸಮಾಚಾರವನ್ನೆಲ್ಲ ತೂಗಿ ನೋಡುವ ಜಾಯಮಾನ. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಮಗ ಕೆಲಸ ಬಿಟ್ಟ, ಎಲ್ಲವೂ ಬದನೆಕಾಯಿಯ ಜೊತೆ ಅವರ ಕೈಮೇಲೆ ದಾಟಿಹೋಗುತ್ತಿತ್ತು. ಆಮೇಲೆ ಕಿವಿ ಮಂದವಾಗುತ್ತ ಬಂತು, ಕೊನೆಗೆ ಪೂರ್ತಿ ಹೋಯಿತು. ಕಿವಿಗೆ ಹಾಕುವ ಯಂತ್ರವೂ ಕೈಕೊಟ್ಟಿತು. ಕಣ್ಣಿನ ಪೊರೆಯಿಂದಾಗಿ ತುಟಿಯ ಚಲನೆ ಓದುವುದೂ ಆಗುತ್ತಿರಲಿಲ್ಲ. ಜನ ಹತ್ತಿರ ಬಂದು ‘ಊಟ ಆಯ್ತಾ’ ಎಂದು ಕಿರುಚಿ ಹೋಗುತ್ತಿದ್ದರು. “ಊಟ ಬಿಟ್ಟು ಬೇರೆ ಮಾತೇ ಇಲ್ವಾ ಈ ಜನಕ್ಕೆ?” ಎಂದು ಅತ್ತೆ ಗೊಣಗಿ, ಕ್ರಮೇಣ ಗೊಣಗುವುದನ್ನೂ ಬಿಟ್ಟರು. ಅಂಗಡಿಯ ಮೇಜಿನ ಕೊನೆಯಲ್ಲಿ ಕೂತು ಕೈಯಂದಾಜಿನಲ್ಲೇ ಅಂಗಿಗಳಿಗೆ ಗುಂಡಿ ಹೊಲಿಯುತ್ತಿದ್ದರು. ಅತ್ತೆಗೂ ಸೊಸೆಗೂ ದ್ವೇಷವೇನಿರಲಿಲ್ಲ. ಆದರೆ ಮಾತಾಡಿ ಮಾತಾಡಿ ಸವೆಯಬೇಕಾದ ಸಂಬಂಧ, ಮಾತಿಲ್ಲದೆ ಹೊಸ ಚಪ್ಪಲಿಯ ಹಾಗೆ ಕಚ್ಚುತ್ತಲೇ ಇತ್ತು.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಸೂಜಿಯಕ್ಕ ರೇಡಿಯೋದ ಸ್ಪೀಕರನ್ನು ಕಟ್ಟಿಂಗ್ ಮೇಜಿನ ಮೇಲೆ ಬೋರಲಾಗಿಟ್ಟು, ಯಾರೋ ಒಬ್ಬರು ಮತ್ತೆ ಮತ್ತೆ ಕರೆಯುತ್ತಿದ್ದುದನ್ನು ಕೇಳುತ್ತಿದ್ದಳು. ಮೇಜಿನ ಆ ಕೊನೆಯಲ್ಲಿ ಅತ್ತೆ ಸೂಜಿ ನಿಲ್ಲಿಸಿ ಅಂಗೈಯನ್ನು ಹಲಗೆಯ ಮೇಲೆ ಊರಿದರು.

“ಏನೇ ಇದು, ಮೇಜು ಕುಟುಕುಟು ಅಂತಿದೆ? ಹುಳ ಹಿಡಿದಿದೆಯಾ?”

ಸೂಜಿಯಕ್ಕ ಸ್ಪೀಕರಿನ ಕಡೆ ಕೈ ತೋರಿಸಿದಳು. ಅತ್ತೆ ಕೈ ತೆಗೆಯಲಿಲ್ಲ. ಹುಬ್ಬು ಗಂಟಿಕ್ಕಿ, ತಲೆ ಓರೆ ಮಾಡಿ, ತಕ್ಕಡಿಯ ಮುಳ್ಳು ನೋಡುವವರ ಹಾಗೆ ಕೂತರು. “ಉದ್ದ, ಗಿಡ್ಡ, ಉದ್ದ, ಗಿಡ್ಡ” ಅಂದರು. ಸ್ವಲ್ಪ ತಡೆದು, “ಈಗ ಉದ್ದ, ಉದ್ದ, ಗಿಡ್ಡ, ಉದ್ದ. ನೋಡು, ಮತ್ತೆ ಮೊದಲಿಂದ ಶುರು ಮಾಡ್ದ. ಒಂದೇ ಮಾತು ಎಷ್ಟು ಸಲ ಹೇಳ್ತಾನೆ ಇವನು?”

ಸೂಜಿಯಕ್ಕನ ಕೈಯಲ್ಲಿದ್ದ ಕತ್ತರಿ ಕೈಯಲ್ಲೇ ಉಳಿಯಿತು. ತಾನು ತಿಂಗಳುಗಟ್ಟಲೆ ಒದ್ದಾಡಿ ಕಲಿತಿದ್ದನ್ನು ಅತ್ತೆಯ ಅಂಗೈ ತಾನಾಗಿ ಹಿಡಿದಿತ್ತು. ಅವಳು ಎದ್ದು ಗೋಡೆಯ ಮೇಲಿನ ಪಟ್ಟಿಯನ್ನು ಬಿಚ್ಚಿ ತಂದು ಅತ್ತೆಯ ತೊಡೆಯ ಮೇಲೆ ಹಾಕಿದಳು. ಅವರ ತೋರುಬೆರಳನ್ನು ಹಿಡಿದು ಕೆಂಪು ಟಾಕುಗಳ ಮೇಲೆ ಓಡಿಸಿದಳು. ಬಸ್ಸಿನ ಬೋರ್ಡು ಓದುವಷ್ಟು ಇಂಗ್ಲಿಷ್ ಅಕ್ಷರ ಅತ್ತೆಗೆ ಗೊತ್ತಿತ್ತು. ಬೆರಳು ಒಂದು ಕಡೆ ನಿಂತಿತು. “ಓಹೋ! ಇದು ಇವನು! ಆಗಿಂದ ಕುಟ್ತಾ ಇದ್ದನಲ್ಲ, ಇವನೇ!” ಎಂದು ಅತ್ತೆ ಎಷ್ಟು ಜೋರಾಗಿ ಕೂಗಿದರೆಂದರೆ ಎದುರಿನ ಸೈಕಲ್ ಅಂಗಡಿಯವನು ಓಡಿ ಬಂದು ಯಾರು ಬಿದ್ದರು ಎಂದು ಕೇಳಿದ.

ಅಂದಿನಿಂದ ಮನೆಯ ಗಾಳಿಯೇ ಬದಲಾಯಿತು. ಅತ್ತೆಗೆ ಊಟ ಬೇಡ, ನಿದ್ದೆ ಬೇಡ, ಪಟ್ಟಿ ಬೇಕು. ಸೂಜಿಯಕ್ಕ ಅವರ ಅಂಗೈ ಮೇಲೆ ಬೆರಳಿನಿಂದ ಕುಟ್ಟುತ್ತಿದ್ದಳು. ಗಿಡ್ಡಕ್ಕೆ ಒಂದು ತಟ್ಟು, ಉದ್ದಕ್ಕೆ ಒಂದು ಒತ್ತು. ಕನ್ನಡದ ಮಾತನ್ನೇ ಇಂಗ್ಲಿಷ್ ಅಕ್ಷರದಲ್ಲಿ ಪೋಣಿಸುತ್ತಿದ್ದಳು. ಅವಳು ಮೊದಲು ಕುಟ್ಟಿದ ಪೂರಾ ವಾಕ್ಯ, ‘ಅತ್ತೆ, ಬೆಡ್‌ಶೀಟ್ ಅಲ್ಲಿ ಒಣಗಿಸಬೇಡಿ.’ ಅತ್ತೆ ಅಕ್ಷರ ಅಕ್ಷರವಾಗಿ ಅದನ್ನು ಕೂಡಿಸಿ, “ಇದನ್ನ ಹೇಳಕ್ಕೆ ಇಷ್ಟೆಲ್ಲ ಕಲಿಸಿದ್ಯಾ?” ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ. ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ಮಗ ಒಂದು ಶೂ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರಲ್ಲ, ಇಲ್ಲಿ ಇಬ್ಬರಿಗೂ ಒಟ್ಟಿಗೇ ಕಾಲ ಕೂಡಿಬಂತು. ಗಿರಾಕಿಗಳ ಎದುರಿಗೇ ಮೇಜಿನ ಈ ಕೊನೆಯಿಂದ ಆ ಕೊನೆಗೆ ಗುಟ್ಟು ಓಡಾಡುತ್ತಿತ್ತು, ಹಲಗೆಯ ಮೇಲಾದರೆ ಉದ್ದಕ್ಕೆ ಒತ್ತಿನ ಬದಲು ಉಗುರಿನ ಒಂದು ಗೀರು. ‘ನಾನೇನೂ ದಪ್ಪ ಆಗಿಲ್ಲ, ಅಂಗಿಯೇ ಕುಗ್ಗಿದೆ’ ಎಂದು ಒಬ್ಬರು ವಾದಿಸುತ್ತಿದ್ದರೆ, ಸೊಸೆ ಗಂಭೀರ ಮುಖದಲ್ಲಿ ಟೇಪು ಹಿಡಿದು ನಿಂತೇ ಮೇಜಿಗೆ ‘ಸುಳ್ಳು’ ಎಂದು ಕುಟ್ಟುತ್ತಿದ್ದಳು. ಆ ಕೊನೆಯಲ್ಲಿ ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಕುಲುಕುತ್ತಿದ್ದರು. ಗಾಳಿಮಾತು ಎಂದರೆ ಇದೇ ಎಂದು ಡಾಕ್ಟರು ಹೇಳಿದರು.

ಅತ್ತೆಯ ಬೆರಳಿಗೆ ರೇಡಿಯೋದ ಮಾತು ಮುಟ್ಟಿಸುವ ಒಂದು ಪೆಟ್ಟಿಗೆಯನ್ನು ಮಾಡಲು ಸೂಜಿಯಕ್ಕನಿಗೆ ಬಹಳ ದಿನ ಹಿಡಿಯಿತು. ಸ್ಪೀಕರಿನ ತೆಳು ಕಾಗದದ ಮೇಲೆ ಕೋಟಿನ ದೊಡ್ಡ ಗುಂಡಿಯೊಂದನ್ನು ಅಂಟಿಸಿದಳು, ಬೆರಳು ಅದರ ಮೇಲೆ ನಿಲ್ಲಬೇಕು. ಸ್ವರವನ್ನು ಕೀಚಲಿನಿಂದ ದಪ್ಪಕ್ಕೆ ತಗ್ಗಿಸಿದಷ್ಟೂ ಬೆರಳಿಗೆ ಚೆನ್ನಾಗಿ ತಾಗುತ್ತದೆ ಎಂದು ಡಾಕ್ಟರು ತೋರಿಸಿಕೊಟ್ಟರು. ಆದರೆ ಗಾಳಿಯಲ್ಲಿ ಇರುವ ಕರಕರ ಸದ್ದೂ ಜೊತೆಗೇ ಬರುತ್ತಿತ್ತು. “ಮರಳಿನ ಮೇಲೆ ಬೆರಳಿಟ್ಟ ಹಾಗಿದೆ, ಕಾಳು ಯಾವುದು ಕಲ್ಲು ಯಾವುದು ಗೊತ್ತಾಗ್ತಿಲ್ಲ” ಎಂದು ಅತ್ತೆ ದೂರಿದರು. ಬೇಕಾದ ಸ್ವರವನ್ನು ಮಾತ್ರ ಬಿಟ್ಟು ಉಳಿದಿದ್ದನ್ನು ತಡೆಯುವ ಒಂದು ಜರಡಿ, ಅಂದರೆ ಫಿಲ್ಟರ್ ಕಟ್ಟಬೇಕಾಯಿತು. ಮೊದಲನೆಯದು ಎಲ್ಲವನ್ನೂ ತಡೆಯಿತು. ಎರಡನೆಯದು ಹೊಗೆ ಬಿಟ್ಟಿತು. ಅದು ಯಾಕೆ ಸುಟ್ಟಿತು ಎಂದು ಅವಳೂ ಡಾಕ್ಟರೂ ಬಿಸಿಬಿಸಿ ಚರ್ಚೆ ಮಾಡುತ್ತಿದ್ದಾಗ ಮೇಲಿನ ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿ ಮೆಟ್ಟಿಲ ತನಕ ಬಂದು, “ಹಾಹ್ಹರೇ, ಹಾನು ಹುಚ್ಚಹಹುದಾ?” ಎಂದು ಕೇಳಿದ. ಬಾಯಿ ಮುಚ್ಚಬಹುದಾ ಎಂದು ಅದರ ಅರ್ಥ. ಮೂರನೆಯ ಫಿಲ್ಟರ್ ಕೆಲಸ ಮಾಡಿತು. ಅತ್ತೆ ಗುಂಡಿಯ ಮೇಲೆ ಬೆರಳಿಟ್ಟು, “ಈಗ ಬಂತು ನೋಡು, ಆರಿಸಿದ ಅಕ್ಕಿ” ಅಂದರು.

ಕೇಳುವುದು ಸರಿ, ತಿರುಗಿ ಮಾತಾಡಬೇಕಾದರೆ ಅವರಿಗೂ ಲೈಸೆನ್ಸ್ ಬೇಕು. ಅತ್ತೆ ಪರೀಕ್ಷೆಗೆ ಹೊರಟರು. ಕಣ್ಣಿನ ಪೊರೆಯ ಆಪರೇಷನ್ನಿಗೆ ವರ್ಷಗಟ್ಟಲೆ ಒಲ್ಲೆ ಎಂದಿದ್ದವರು, ಪ್ರಶ್ನೆಪತ್ರಿಕೆ ಓದಬೇಕು ಎಂಬ ಒಂದೇ ಕಾರಣಕ್ಕೆ ಅದನ್ನೂ ಮಾಡಿಸಿಕೊಂಡರು. ಮಗ ಬಾಯಿಪಾಠ ಒಪ್ಪಿಸಿಕೊಂಡ, ಸೊಸೆ ಅಂಗೈಗೆ ಕುಟ್ಟಿದಳು, ಡಾಕ್ಟರು ಚಿತ್ರ ಬರೆದುಕೊಟ್ಟರು.

ಪರೀಕ್ಷೆಯ ಕೋಣೆಯಲ್ಲಿ ಅಧಿಕಾರಿ ಅವರ ಅರ್ಜಿ ನೋಡಿ ಕನ್ನಡಕ ತೆಗೆದರು. “ಇವರಿಗೆ ಕಿವಿ ಕೇಳಿಸಲ್ಲ ಅಂತಿದೀರಿ. ಮತ್ತೆ ರೇಡಿಯೋ ಯಾಕಮ್ಮಾ?” ಎಂದು ಸೂಜಿಯಕ್ಕನನ್ನು ಕೇಳಿದರು. ಆ ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಅವರಿಗೆ ಅರ್ಥವಾಗಿರಲಿಲ್ಲ. ಸೂಜಿಯಕ್ಕ ಪ್ರಶ್ನೆಯನ್ನು ಅತ್ತೆಯ ಅಂಗೈಗೆ ದಾಟಿಸಿದಳು.

ಅತ್ತೆ ತಲೆಯೆತ್ತಿದರು. “ಕಿವಿ ಇರೋರೆಲ್ಲ ಬೇರೆಯವರ ಮಾತು ಕೇಳ್ತಾರಾ ಸ್ವಾಮಿ?”

ಅಧಿಕಾರಿ ಭುಜ ಕುಣಿಸಿ ನಕ್ಕರು. “ನಮ್ಮ ಮನೆಯಲ್ಲಿ ನನಗೂ ಇದೇ ಮಾತು ಹೇಳ್ತಾರೆ” ಅಂದರು. ಸೂಜಿಯಕ್ಕ ಪೆಟ್ಟಿಗೆ ತಂದಿದ್ದಳು. ಆದರೆ ಅದರ ಪಿನ್ನು ಅಲ್ಲಿಯ ಯಂತ್ರದ ತೂತಿಗೆ ಕೂಡಲಿಲ್ಲ. ಅಧಿಕಾರಿಯೇ ಡ್ರಾಯರು ತಡಕಿ, ಹಳೆಯ ವೈರೊಂದನ್ನು ಹಲ್ಲಿನಿಂದ ಸುಲಿದು, ಜೋಡಿಸಿ ಕೊಟ್ಟರು. ತಾವೂ ಗುಂಡಿಯ ಮೇಲೆ ಬೆರಳಿಟ್ಟು ನೋಡಿ, “ಅರೆ!” ಅಂದರು. ಉಳಿದ ಅಭ್ಯರ್ಥಿಗಳು ಕಿವಿಗೆ ಹೆಡ್‌ಫೋನ್ ಹಾಕಿ ಬರೆದರು. ಅತ್ತೆ ಎಡಗೈಯ ಬೆರಳಿನಿಂದ ಕೇಳುತ್ತ ಬಲಗೈಯಲ್ಲಿ ಬರೆದರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಸೊಸೆ, ತನ್ನ ಸ್ವಂತ ಪರೀಕ್ಷೆಗೂ ಕಚ್ಚಿರದಷ್ಟು ಉಗುರು ಕಚ್ಚಿದಳು.

ಪಾಸಾಗಿದ್ದು ಗೊತ್ತಾದಾಗ ಅತ್ತೆ ಮಾಡಿದ ಮೊದಲ ಕೆಲಸ, ಮಾರ್ಕೆಟ್ಟಿಗೆ ಹೋಗಿ ತಮ್ಮ ಹಳೆಯ ಅಂಗಡಿಸಾಲಿನ ಪ್ರತಿಯೊಬ್ಬರ ಹತ್ತಿರವೂ ನಿಂತು ಲೈಸೆನ್ಸ್ ತೋರಿಸಿದ್ದು. ಅವರು ಏನಂದರು ಎಂಬುದು ಕೇಳಿಸದಿದ್ದರೂ ಮುಖಗಳು ಈಗ ಸ್ಪಷ್ಟವಾಗಿ ಕಾಣುತ್ತಿದ್ದವು. ಅಷ್ಟು ಸಾಕಾಯಿತು.

ರೇಡಿಯೋದವರಲ್ಲಿ ಒಂದು ಪದ್ಧತಿಯಿದೆ. ಗಂಡಸರು ಎಷ್ಟೇ ಚಿಕ್ಕವರಾಗಲಿ ಅವರನ್ನು ‘ಓಲ್ಡ್ ಮ್ಯಾನ್’ ಎಂದೂ, ಹೆಂಗಸರು ಎಷ್ಟೇ ದೊಡ್ಡವರಾಗಲಿ ‘ಯಂಗ್ ಲೇಡಿ’ ಎಂದೂ ಕರೆಯುತ್ತಾರೆ. ಮೊದಲ ದಿನವೇ ಯಾವುದೋ ದೇಶದವನು ಅತ್ತೆಯನ್ನು ಹಾಗೆ ಕರೆದ. ಅತ್ತೆ ಬೆರಳು ತೆಗೆದು ಸೊಸೆಯ ಕಡೆ ನೋಡಿದರು. ಅರ್ಥ ಗೊತ್ತಾದ ಮೇಲೆ ಎದ್ದು ಹೋಗಿ ತಲೆ ಬಾಚಿಕೊಂಡು ಬಂದು ಕೂತರು. “ನೀನು ಮುದುಕ, ನಾನು ಹುಡುಗಿ, ರೇಡಿಯೋದವರೇ ಹೇಳಿದ್ದಾರೆ” ಎಂದು ಊಟದ ಹೊತ್ತಿನಲ್ಲಿ ಮಗನನ್ನು ರೇಗಿಸಿದರು.

ಅವರಿಗೆ ಹತ್ತಾರು ಗೆಳೆಯರಾದರು. ಅದರಲ್ಲೂ ಹತ್ತಿರದವನೆಂದರೆ ಬೆಟ್ಟದ ಮೇಲಿನ ಒಂದು ಊರಿನ ಬೇಕರಿಯವನು. ಬೆಳಗಿನ ಬ್ರೆಡ್ಡು ಒಲೆಯಿಂದ ಇಳಿಸಿ, ಮಧ್ಯಾಹ್ನ ಅಂಗಡಿಗೆ ಅರ್ಧ ಬಾಗಿಲು ಹಾಕಿ ರೇಡಿಯೋದ ಮುಂದೆ ಕೂರುತ್ತಿದ್ದ. ಅವನೂ ಕನ್ನಡದ ಮಾತನ್ನೇ ಕುಟ್ಟುತ್ತಿದ್ದ. ಎಂಥ ಮಾತುಗಾರ! ಬ್ರೆಡ್ಡಿನೊಳಗೆ ಬೆಕ್ಕು ಮಲಗಿದ ಕತೆ, ಹುಟ್ಟುಹಬ್ಬದ ಕೇಕಿನ ಮೇಲೆ ಬೇರೆಯವರ ಹೆಸರು ಬರೆದು ಕಳಿಸಿದ ಕತೆ, ಒಂದಕ್ಕಿಂತ ಒಂದು. ಅತ್ತೆಯೂ ಬಿಟ್ಟುಕೊಡುವವರಲ್ಲ. ಮಾರ್ಕೆಟ್ಟಿನ ಇಪ್ಪತ್ತು ಮೂವತ್ತು ವರ್ಷದ ಸಮಾಚಾರವೆಲ್ಲ ಆ ಬಿಸ್ಕತ್ತಿನ ಡಬ್ಬಿಯ ಮೂಲಕ ಬೆಟ್ಟ ಹತ್ತಿತು. ಪಕ್ಕದಲ್ಲಿ ಹೊಲಿಯುತ್ತ ಕೂತ ಸೂಜಿಯಕ್ಕನಿಗೆ ಇಬ್ಬರ ಮಾತೂ ಕೇಳಿಸುತ್ತಿತ್ತು. ನಗು ತಡೆಯಲಾರದೆ ಎಷ್ಟೋ ಸಲ ಹೊಲಿಗೆ ಸೊಟ್ಟಗಾಗುತ್ತಿತ್ತು.

ತಮಗೆ ಕಿವಿ ಕೇಳಿಸದು ಎಂಬುದನ್ನು ಅತ್ತೆ ಅವನಿಗೆ ಹೇಳಿರಲಿಲ್ಲ. “ಯಾಕೆ ಹೇಳ್ಬೇಕು? ಗೊತ್ತಾದ್ರೆ ಅವನೂ ಊಟ ಆಯ್ತಾ ಅಂತ ಕೇಳಕ್ಕೆ ಶುರು ಮಾಡ್ತಾನೆ” ಅನ್ನುತ್ತಿದ್ದರು.

ಹೀಗಿರುವಾಗ ಬೇಕರಿಯವನು ಒಂದು ದಿನ, ಒಲೆಗೆ ಬಿಡಿಭಾಗ ಕೊಳ್ಳಲು ನಿಮ್ಮೂರಿಗೆ ಬರುತ್ತಿದ್ದೇನೆ, ಭಾನುವಾರ ಮನೆಗೆ ಬರಲೇ ಎಂದು ಕುಟ್ಟಿದ. ಅತ್ತೆ ಬರುವಂತೆ ಹೇಳಿಬಿಟ್ಟರು, ಆಮೇಲೆ ಕೈಕಾಲು ಬಿಟ್ಟು ಕೂತರು. “ಇಷ್ಟು ದಿನ ಮಾತಾಡಿದವಳು ಎದುರಿಗೆ ಬಂದಾಗ ಕಂಬದ ಹಾಗೆ ಕೂತ್ರೆ ಏನಂದ್ಕೋತಾನೆ?” ಎಂದು ಸೊಸೆಯನ್ನು ಹತ್ತು ಸಲ ಕೇಳಿದರು. ‘ಕೈ ಇದೆಯಲ್ಲ ಅತ್ತೆ’ ಎಂದು ಸೊಸೆ ಹತ್ತು ಸಲವೂ ಅಂಗೈಗೆ ಕುಟ್ಟಿದಳು.

ಭಾನುವಾರ ಬಂದವನು ಎತ್ತರದ, ಗುಂಡು ಮುಖದ, ಐವತ್ತರ ಆಸುಪಾಸಿನ ಗಂಡಸು. ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಬ್ರೆಡ್ಡು. ಬಾಗಿಲಲ್ಲಿ ನಿಂತು ಬಾಯಿ ತೆರೆದ, ಏನೂ ಹೊರಡಲಿಲ್ಲ. ಮುಖ ಕೆಂಪಾಯಿತು. “ನ… ನ… ನ…” ಎಂದು ಅಲ್ಲಿಗೇ ನಿಂತ.

ಸೂಜಿಯಕ್ಕನಿಗೆ ಒಮ್ಮೆಲೇ ಅರ್ಥವಾಯಿತು. ಗಾಳಿಯಲ್ಲಿ ಅರಳು ಹುರಿದಂತೆ ಮಾತಾಡುತ್ತಿದ್ದ ಬೇಕರಿಯವನಿಗೆ ಉಗ್ಗು. ಅದೂ ಸಣ್ಣದಲ್ಲ, ಒಂದು ಮಾತು ದಾಟಲು ಬೆಟ್ಟ ಹತ್ತಿದಷ್ಟು ಕಷ್ಟ. ಅವನ ಬೇಕರಿಯಲ್ಲಿ ಗಿರಾಕಿಗಳು ಅವನ ಮಾತು ಮುಗಿಯುವ ಮೊದಲೇ ತಾವೇ ಪೂರ್ತಿ ಮಾಡಿ, ಬೇಡದ್ದನ್ನು ಕೊಂಡು ಹೋಗುತ್ತಿದ್ದರಂತೆ, ಆಮೇಲೆ ಗೊತ್ತಾಯಿತು. ಅವನು ದಾರಿಯುದ್ದಕ್ಕೂ ಅಭ್ಯಾಸ ಮಾಡಿಕೊಂಡು ಬಂದಿದ್ದ ಮಾತು ಬಾಗಿಲಲ್ಲೇ ಸಿಕ್ಕಿಹಾಕಿಕೊಂಡಿತ್ತು. ಅವನು ಅವಮಾನದಿಂದ ನೆಲ ನೋಡಿದ.

ಅತ್ತೆಗೆ ಕಾಣಿಸಿದ್ದು ಬೇರೆ. “ಯಾಕೋ ಬಾಗಿಲಲ್ಲೇ ನಿಂತೆ? ಬಾ ಒಳಗೆ! ನೋಡಪ್ಪಾ, ನೀನು ಬಾಯಲ್ಲಿ ಹೇಳೋದು ನನಗೆ ಒಂದೂ ಕೇಳಿಸಲ್ಲ. ನನ್ನ ಕಿವಿ ಹೋಗಿ ಎಷ್ಟೋ ವರ್ಷ ಆಯ್ತು. ಬೇಜಾರು ಮಾಡ್ಕೋಬೇಡ. ಇಲ್ಲಿ ಕುಟ್ಟು” ಎಂದು ಒಂದೇ ಉಸಿರಿಗೆ ಹೇಳಿ ಅಂಗೈ ಚಾಚಿದರು.

ಬೇಕರಿಯವನು ಆ ಅಂಗೈಯನ್ನು ನೋಡಿದ. ಅವರ ಮುಖವನ್ನು ನೋಡಿದ. ಸೂಜಿಯಕ್ಕನ ಕಡೆ ತಿರುಗಿ ನಿಜವೇ ಎನ್ನುವಂತೆ ಹುಬ್ಬು ಹಾರಿಸಿದ. ಅವಳು ತಲೆಯಾಡಿಸಿದಳು. ಬ್ರೆಡ್ಡನ್ನು ಮೇಜಿನ ಮೇಲಿಟ್ಟು, ಕುರ್ಚಿ ಎಳೆದುಕೊಂಡು ಕೂತು ಅವನು ಕುಟ್ಟತೊಡಗಿದ. ಹಿಟ್ಟು ನಾದಿ ನಾದಿ ಗಟ್ಟಿಯಾದ ಬೆರಳುಗಳು ಒಂದು ಸಲವೂ ತಡವರಿಸಲಿಲ್ಲ. ಅತ್ತೆ ಮೊದಲು ಮುಗುಳ್ನಕ್ಕರು, ಆಮೇಲೆ ಜೋರಾಗಿ ನಕ್ಕರು, ಆಮೇಲೆ ಇಬ್ಬರೂ ಸೇರಿ ನಕ್ಕರು.

“ಏನಂತೆ ಅತ್ತೆ?” ಎಂದು ಸೊಸೆ ಮೇಜಿಗೆ ಕುಟ್ಟಿದಳು.

“ನಾನು ಬಹಳ ಸುಂದರವಾಗಿರ್ತೀನಿ ಅಂದ್ಕೊಂಡು ಬಂದಿದ್ನಂತೆ. ಬಂದು ನೋಡಿದ್ರೆ, ಹಾಗೇ ಇದ್ದೀನಂತೆ!”

ಆ ಮಧ್ಯಾಹ್ನ ಅಂಗಡಿಯ ಮೇಜಿನ ಸುತ್ತ ಎಲ್ಲರೂ ಕೂತರು. ಡಾಕ್ಟರು ಇಳಿದು ಬಂದರು. ಬ್ರೆಡ್ಡು ಕತ್ತರಿಸಲು ಚಾಕು ಸಿಗದೆ ಸೂಜಿಯಕ್ಕ ಹೊಸ ಕತ್ತರಿಯನ್ನೇ ತೊಳೆದು ತಂದಳು. ನಾಲ್ಕು ಜನರೂ ಮೇಜಿಗೆ ಕುಟ್ಟುತ್ತ ಮಾತಾಡುತ್ತಿದ್ದರೆ ಕೋಣೆಯಲ್ಲಿ ಮಾತೇ ಇಲ್ಲ, ಬರೀ ಟಕಟಕ, ನಡುನಡುವೆ ನಗು. ಭಾನುವಾರವೂ ತನ್ನ ಅಂಗಿ ರೆಡಿಯೇ ಎಂದು ಕೇಳಲು ಬಂದ ಒಬ್ಬ ಗಿರಾಕಿ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ಸದ್ದಿಲ್ಲದೆ ತಿರುಗಿ ಹೋದ. ಹೊತ್ತು ಹೋದ ಹಾಗೆ ಬೇಕರಿಯವನು ಸೂಜಿಯಕ್ಕನ ಜೊತೆ ಬಾಯಿಬಿಟ್ಟೂ ಎರಡು ಮಾತಾಡಿದ. ಅವಳು ಅವನ ಮಾತನ್ನು ಮಧ್ಯೆ ಪೂರ್ತಿ ಮಾಡಲಿಲ್ಲ. ಸೂಜಿಗೆ ದಾರ ಪೋಣಿಸುವವಳಿಗೆ ಕಾಯುವುದು ಗೊತ್ತಿತ್ತು.

ಸಂಜೆ ಅವನನ್ನು ಬಸ್ ನಿಲ್ದಾಣಕ್ಕೆ ಬಿಡಲು ಎಲ್ಲರೂ ಹೋದರು. ಅಲ್ಲಿಂದ ರೈಲು ನಿಲ್ದಾಣದ ಕಡೆ ಹೋಗುವ ಬಸ್ಸು ಸೂಜಿಯಕ್ಕನ ಗಂಡನದೇ. ಬೇಕರಿಯವನು ಕಿಟಕಿಯ ಸೀಟಿನಲ್ಲಿ ಕೂತ. ಅವನ ಕೈ ಅತ್ತೆಗೆ ಎಟುಕಲಿಲ್ಲ. ಅತ್ತೆ ಕಿಟಕಿಯ ಕೆಳಗಿನ ತಗಡಿನ ಮೇಲೆ ಅಂಗೈ ಊರಿ ನಿಂತರು. ಅವನು ಒಳಗಿನಿಂದ ಆ ಜಾಗಕ್ಕೆ ಕುಟ್ಟತೊಡಗಿದ.

“ಹೊರಡೋಣ ಗುರೂ, ಟೈಮಾಯ್ತು” ಎಂದು ಕಂಡಕ್ಟರ್ ಸೀಟಿ ಬಾಯಿಗಿಟ್ಟ.

ಡ್ರೈವರ್ ಎಂಜಿನ್ನಿನ ಕೀಲಿಯಿಂದ ಕೈ ತೆಗೆದು ಸ್ಟಿಯರಿಂಗ್ ಮೇಲಿಟ್ಟ. ಎಂಜಿನ್ ಶುರುವಾದರೆ ತಗಡೆಲ್ಲ ನಡುಗುತ್ತದೆ, ಅಮ್ಮನಿಗೆ ಏನೂ ತಿಳಿಯುವುದಿಲ್ಲ. “ಸ್ವಲ್ಪ ಇರಪ್ಪ,” ಅಂದ. “ನಮ್ಮಮ್ಮ ಮಾತಾಡ್ತಿದ್ದಾಳೆ.”

ಬಸ್ಸು ಹೋದ ಮೇಲೆ ಸೂಜಿಯಕ್ಕ ಅತ್ತೆಯ ಕೈ ಹಿಡಿದು, ಅಷ್ಟು ಹೊತ್ತು ಅವನು ಏನು ಹೇಳಿದ ಎಂದು ಕೇಳಿದಳು.

“ಮುಂದಿನ ಸಲ ಬನ್ನು ತರ್ತಾನಂತೆ” ಅಂದರು ಅತ್ತೆ. “ಇವತ್ತಿನ ಬ್ರೆಡ್ಡು ಒಣಕಲಾಗಿತ್ತು ಅಂತ ನಾನೇ ಹೇಳಿದ್ದೆ.”

ಇಬ್ಬರೂ ಕೈಕೈ ಹಿಡಿದು ಮನೆಯ ಕಡೆ ನಡೆದರು. ಮಾತು ಇನ್ನೂ ಬಹಳ ಉಳಿದಿತ್ತು.